ಪೇಟೆಯ ನಡುವೆ ಪುಟ್ಟ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿರುವುದು ಸರಿಯಷ್ಟೆ. ಆದರೆ ಕಟ್ಟಿಸುವುದಕ್ಕೆ ಅಂಗೈಯಗಲದ ನಿವೇಶನವೂ ದೊರೆಯದ ನಗರದಲ್ಲಿ, ಇನ್ನೊಬ್ಬರು ಕಟ್ಟಿಸಿದ ಕಟ್ಟಡದ ಒಂದು ಅಂತಸ್ತಿನ ಒಂದು ಭಾಗವನ್ನು ಮನೆಯೆಂದು ಕೊಳ್ಳಬೇಕಾಗಿ ಬಂದವರ ಪಾಡನ್ನು ಅವರು ಊಹಿಸಿರಲಾರರು. ಅಂಥ ಅನುಭವವೊಂದು ನಮಗೆ ಈಚೆಗೆ ಆಯಿತು. ಅದರಲ್ಲಿ ನಾವು ಮಾಡಿದ ತಪ್ಪನ್ನೂ ಕಲಿತ ಪಾಠವನ್ನೂ ವಾಚಕರ ಮುಂದಿಟ್ಟರೆ, ಇದೇ ಯೋಚನೆಯಲ್ಲಿರುವ ಕೆಲವು ಸಂಸಾರಗಳಿಗಾದರೂ ಉಪಯೋಗವಾದೀತೆಂಬ ನಂಬುಗೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವಿರುವುದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನ ಈ ಬಡಾವಣೆ 1892ರಲ್ಲಿ ಏರ್ಪಟ್ಟಿತು. ಕೋಟೆ ಮತ್ತು ಹಳೆಯ ಪೇಟೆಗಳ ಇಕ್ಕಟ್ಟಿನಿಂದ ಜನರು ಹೊರಗೆ ಬಂದು ಗಾಳಿ ಬೆಳಕಿನಲ್ಲಿ ಬಾಳಲೆಂದು ನೇರವಾದ ಬೀದಿಗಳನ್ನು ಹಾಕಿ, ಮನೆಗಳ ಹಿಂಬದಿಗೆ ಓಣಿಗಳನ್ನು ಬಿಟ್ಟು ಇದನ್ನು ರಚಿಸಿದರು. 1898ರಲ್ಲಿ ಪ್ಲೇಗು ಊರನ್ನು ಹೊಕ್ಕ ಬಳಿಕ ಬಸವನಗುಡಿ, ಮಲ್ಲೇಶ್ವರಗಳ ಕಡೆಗೂ ಜನ ಹರಿದರು. ಇಕ್ಕಟ್ಟಿನಿಂದ ಪಾರಾಗಲು ಹುಟ್ಟಿದ ಬಡಾವಣೆಯೇ ಇಂದು ಇಕ್ಕಟ್ಟಾಗಿರುವುದು ಕಾಲದ ವಿನೋದವೆನ್ನಬೇಕು. ಒಂದು ಸಂಸಾರವಿದ್ದ ನಿವೇಶನದಲ್ಲಿ ಈಗ ಆರು, ಹತ್ತು, ಹದಿನೈದು ಸಂಸಾರಗಳಿವೆ.

ನಾವು ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದುದು ಇಲ್ಲಿಯ ಒಂದು ವಠಾರದಲ್ಲಿ. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತಲೂ ಏಳು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ವಠಾರದ ಯಜಮಾನರು ಕಾಲವಾದ ಮೇಲೆ ಅವರ ಮಕ್ಕಳು ಅದನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಲು ನಿಶ್ಚಯಿಸಿ, ಆರು ತಿಂಗಳ ಅವಧಿ ಕೊಟ್ಟು ಮನೆ ಬಿಡಬೇಕೆಂದು ವಿನಯದಿಂದಲೇ ತಿಳಿಸಿದರು. ಅವರ ಸ್ವತ್ತು, ಅವರ ಹಕ್ಕು, ನಾವು ಆಕ್ಷೇಪಿಸುವಂತಿರಲಿಲ್ಲ. ಆದರೆ ಎಪ್ಪತ್ತೆರಡು ವಯಸ್ಸಿನ ನಮ್ಮ ತಾಯಿಯವರು ಆ ರಾತ್ರಿ, “ಇನ್ನೊಬ್ಬರ ಮನೆಯಿಂದ ಇನ್ನೆಷ್ಟು ಸಲ ಏಳಬೇಕು, ಮಗು?” ಎಂದು ಕೇಳಿದ ಮಾತು ಮಾತ್ರ ನಮ್ಮ ಮನಸ್ಸಿನಲ್ಲಿ ನೆಟ್ಟಿತು. ಸ್ವಂತ ಮನೆಯ ಯೋಚನೆ ಹುಟ್ಟಿದುದು ಆ ಮಾತಿನಿಂದ.

ಬಂಧುಗಳೆಲ್ಲರೂ ಒಂದೇ ಸಲಹೆಯಿತ್ತರು: “ಅಷ್ಟು ಹಣಕ್ಕೆ ಊರ ಹೊರಗೆ ಇದರ ಒಂದೂವರೆಯಷ್ಟು ದೊಡ್ಡ ಮನೆ ಬರುತ್ತದೆ. ಆ ಗಲಾಟೆಯ ನಡುವೆ ಗೂಡಿನಂಥ ಮನೆಯೇಕೆ?” ಈ ಮಾತು ಸುಳ್ಳಲ್ಲ. ಆದರೆ ನಮ್ಮ ಮನೆಯಾಕೆ ಒಂದು ಕಾಗದದ ಮೇಲೆ ಬೇರೊಂದು ಲೆಕ್ಕ ಬರೆದಿಟ್ಟಳು. ಮಗಳ ಹೈಸ್ಕೂಲು ನಡೆದರೆ ಎಂಟು ನಿಮಿಷ. ಸೊಪ್ಪು, ಹೂವು, ಹಣ್ಣು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ. ವಾಣಿವಿಲಾಸ ಮತ್ತು ವಿಕ್ಟೋರಿಯಾ ಆಸ್ಪತ್ರೆಗಳು ಕೂಗಳತೆಯಲ್ಲಿ. ಸಾಹಿತ್ಯ ಪರಿಷತ್ತಿನಲ್ಲಿ ಸಂಜೆಯ ಉಪನ್ಯಾಸವಿದ್ದರೆ ಕಾಲ್ನಡಿಗೆಯಲ್ಲೇ ಹೋಗಿಬರಬಹುದು. ‘ಸರಸ್ವತಿ’ ಮಾಸಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು ಸ್ಥಾಪಿಸಿದ ಮಕ್ಕಳ ಕೂಟದ ಬಯಲಿನಲ್ಲಿ ಮಗಳು ಆಡಿ ಬೆಳೆದವಳು. ತಾಯಿಯವರ ದೇವಸ್ಥಾನ, ಅವರ ಕೇಳಿಕೆ ಮಾತಿನ ಗೆಳತಿಯರು, ಎಲ್ಲವೂ ನಾಲ್ಕು ಬೀದಿಯೊಳಗೆ. ಊರಾಚೆಗೆ ಹೋದರೆ ದಿನವೂ ಮೂರು ಗಂಟೆ ದಾರಿಯಲ್ಲೇ ಕಳೆಯಬೇಕಾಗುವುದಲ್ಲದೆ, ತಾಯಿಯವರು ನಾಲ್ಕು ಗೋಡೆಯ ನಡುವೆ ಒಂಟಿಯಾಗುವರು. ಮನೆ ಚಿಕ್ಕದಾದರೂ ಸರಿ, ಬೀದಿ ಪರಿಚಿತವಾಗಿರಲೆಂದು ನಿರ್ಧರಿಸಿದೆವು.

ನಮ್ಮ ತಪ್ಪು ಇಲ್ಲಿಂದ ಮೊದಲಾಗುತ್ತದೆ.

ದಳ್ಳಾಳಿಯೊಬ್ಬರು ನಮಗೆ ತೋರಿಸಿದ ಮೊದಲ ಮನೆ ಹೊಚ್ಚ ಹೊಸದು. ನಲವತ್ತು ಅಡಿ ಅರವತ್ತು ಅಡಿಯ ನಿವೇಶನದಲ್ಲಿ ಐದು ಅಂತಸ್ತು, ಅಂತಸ್ತಿಗೆ ಮೂರರಂತೆ ಹದಿನೈದು ಫ್ಲ್ಯಾಟುಗಳು. ಲಿಫ್ಟಿದೆ, ನೆಲವೆಲ್ಲ ಕನ್ನಡಿಯಂತೆ ಹೊಳೆಯುತ್ತದೆ. ವಿಸ್ತಾರ 800 ಚದರಡಿಯೆಂದೂ ಬೆಲೆ 68 ಲಕ್ಷ ರೂಪಾಯಿಯೆಂದೂ ಹೇಳಿದರು. ತಾಯಿಯವರಿಗೆ ಮೆಟ್ಟಿಲ ಕಷ್ಟವಿಲ್ಲವೆಂಬ ಸಂತೋಷದಲ್ಲಿ ನಾವು ಮೈಮರೆತೆವು. “ನಾಳೆ ಇನ್ನೊಬ್ಬರು ಬರುತ್ತಾರೆ ಸಾರ್” ಎಂದು ದಳ್ಳಾಳಿ ಅವಸರಪಡಿಸಲು, ಐವತ್ತು ಸಾವಿರ ರೂಪಾಯಿಯನ್ನು ಮುಂಗಡವಾಗಿ ಕೊಟ್ಟು, ಒಂದು ಬಿಳಿ ಹಾಳೆಯ ಮೇಲೆ ರಶೀದಿ ಪಡೆದು ಬಂದೆವು. ಮನೆಯಾಕೆ, “ಕಾಗದಪತ್ರ ನೋಡದೆ ಕೊಟ್ಟಿರಲ್ಲ!” ಎಂದುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಆಕೆ ಹೊಲಿಗೆಯ ಪೆಟ್ಟಿಗೆಯಿಂದ ಅರವತ್ತು ಅಂಗುಲದ ಟೇಪನ್ನು ತೆಗೆದುಕೊಂಡು, ಮಗಳ ಕೈಗೆ ನೋಟುಪುಸ್ತಕ ಕೊಟ್ಟು, ಮನೆಯನ್ನು ಅಳೆಯಲು ಹೊರಟಳು. ಅಡಿಗೆಮನೆ, ನಡುಮನೆ, ಎರಡು ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಅಳೆದು ಕೂಡಿಸಲು ಬಂದ ಮೊತ್ತ 530 ಚದರಡಿ. ಉಳಿದ 270 ಅಡಿ ಎಲ್ಲಿ ಹೋಯಿತು? ಹೊರಗೋಡೆಗಳ ದಪ್ಪ, ಮೆಟ್ಟಿಲು, ಲಿಫ್ಟಿನ ಬಾವಿ, ಮೊಗಸಾಲೆ ಇವುಗಳಲ್ಲಿ ನಮ್ಮ ಪಾಲೆಂದು ಸೇರಿಸಿ ಹೇಳುವ ಅಳತೆ ಅದು. ಅದಕ್ಕೆ ಸೂಪರ್ ಬಿಲ್ಟ್‌ಅಪ್ ಎಂದು ಹೆಸರು. ಒಳಗೆ ಚಾಪೆ ಹಾಸಿ ಬಾಳಬಹುದಾದ ನೆಲಕ್ಕೆ ಕಾರ್ಪೆಟ್ ಏರಿಯಾ ಎನ್ನುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯು ಈ ಎರಡನೆಯ ಅಳತೆಯನ್ನು ಖಚಿತವಾಗಿ ನಿರೂಪಿಸಿದೆ: ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಸೇರುವುದಿಲ್ಲ. ಬೆಲೆಯನ್ನು ಹೋಲಿಸುವಾಗ ಈ ಅಳತೆಯಿಂದಲೇ ಹೋಲಿಸತಕ್ಕದ್ದು.

ಅದೇ ಕಾಯಿದೆಯಲ್ಲಿ ನಮಗೆ ತಿಳಿಯದಿದ್ದ ಇನ್ನೊಂದು ಸಂಗತಿಯಿದೆ. ಭೂಮಿಯ ವಿಸ್ತಾರ 500 ಚದರ ಮೀಟರನ್ನು, ಎಂದರೆ ಸುಮಾರು 5,380 ಚದರಡಿಯನ್ನು ಮೀರದಿದ್ದರೆ, ಅಥವಾ ಮನೆಗಳ ಸಂಖ್ಯೆ ಎಂಟನ್ನು ಮೀರದಿದ್ದರೆ, ಕಟ್ಟುವವರು ಆ ಕಾಯಿದೆಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕಾದ ಅಗತ್ಯವಿಲ್ಲ. ಹಳೆಯ ಬಡಾವಣೆಗಳ ನಿವೇಶನಗಳು ಬಹುಮಟ್ಟಿಗೆ ಇದಕ್ಕಿಂತ ಸಣ್ಣವು. ಆದುದರಿಂದ ದೊಡ್ಡ ಸಮುಚ್ಚಯವನ್ನು ಕೊಳ್ಳುವವರು ಸರಕಾರದ ಜಾಲತಾಣದಲ್ಲಿ ನೋಡಿ ತಿಳಿಯಬಹುದಾದ ಎಷ್ಟೋ ವಿಷಯಗಳನ್ನು, ಪೇಟೆಯ ನಡುವಿನ ಪುಟ್ಟ ಮನೆ ಕೊಳ್ಳುವವರು ತಾವೇ ಕೆದಕಿ ತಿಳಿಯಬೇಕು.

ಈ ಹೊತ್ತಿಗೆ ನಮಗೆ ಬುದ್ಧಿ ಬಂದು, ಪರಿಚಿತರಾದ ವಕೀಲರೊಬ್ಬರ ಬಳಿಗೆ ಹೋದೆವು. ಅವರು ಕೇಳಿದ ಪ್ರಶ್ನೆಗಳು ನಾಲ್ಕು. ಮೊದಲನೆಯದು, ನಿವೇಶನವು ಯಾರಿಂದ ಯಾರಿಗೆ ಬಂತೆಂಬ ಮೂಲಪತ್ರಗಳ ಸರಣಿ ಎಲ್ಲಿಯೂ ಕಡಿಯದೆ ಇದೆಯೆ? ಎರಡನೆಯದು, ಕಳೆದ 30 ವರ್ಷಗಳ ಋಣಭಾರ ಪತ್ರದಲ್ಲಿ ಅಡವು ಮೊದಲಾದ ಯಾವ ಭಾರವಾದರೂ ಕಾಣುತ್ತದೆಯೆ? ಮೂರನೆಯದು, ಪಾಲಿಕೆಯ ಖಾತೆ ‘ಎ’ ವಹಿಯದೋ ‘ಬಿ’ ವಹಿಯದೋ? ನಾಲ್ಕನೆಯದು, ಮಂಜೂರಾದ ನಕ್ಷೆಯಂತೆಯೇ ಕಟ್ಟಿದೆಯೆಂದು ಪಾಲಿಕೆಯು ಕೊಡುವ ಸ್ವಾಧೀನಾನುಭವ ಪತ್ರ ಇದೆಯೆ?

ಮೊದಲ ಮೂರಕ್ಕೆ ಹೇಗೋ ಉತ್ತರ ದೊರೆಯಿತು. ನಾಲ್ಕನೆಯದಕ್ಕೆ ಮಾರುವವರು, “ಅದು ಯಾರ ಬಳಿ ಇದೆ ಸ್ವಾಮಿ, ಇಡೀ ಬೀದಿಯಲ್ಲಿ ಹುಡುಕಿ ನೋಡಿ” ಎಂದು ನಕ್ಕರು. ನಕ್ಷೆಯನ್ನು ತರಿಸಿ ನೋಡಲಾಗಿ, ಮಂಜೂರಾದುದು ನೆಲದಂತಸ್ತು ಮತ್ತು ಅದರ ಮೇಲೆ ಎರಡು, ಎಬ್ಬಿಸಿದುದು ಐದು. ನಮಗೆ ತೋರಿಸಿದ ಮನೆ ನಾಲ್ಕನೆಯದರಲ್ಲಿ! ಕಾಗದದ ಮೇಲೆ ಆ ಮನೆ ಇರಲೇ ಇಲ್ಲ. ಸುತ್ತಲೂ ಬಿಡಬೇಕಾದ ಜಾಗವನ್ನೂ ಬಿಡದೆ ಕಟ್ಟಿದ್ದುದರಿಂದ ಅಡಿಗೆಮನೆಯ ಕಿಟಕಿ ತೆರೆದರೆ ಎರಡಡಿಯಾಚೆ ಪಕ್ಕದವರ ಗೋಡೆ. 2024ರ ಡಿಸೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಪತ್ರವನ್ನು ಪಡೆದ ಕಟ್ಟಡಗಳಿಗೇ ನೀರು, ವಿದ್ಯುತ್ತು ಮೊದಲಾದ ಸಂಪರ್ಕಗಳನ್ನು ಕೊಡಬೇಕೆಂದು ನಿರ್ದೇಶಿಸಿದ ವಿಷಯವನ್ನೂ ವಕೀಲರು ತಿಳಿಸಿದರು. ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ಮನೆಗೆ ನೀರು ದೀಪಗಳೇ ಸಂದೇಹವಾದರೆ ಸಂಸಾರ ನಡೆಯುವುದೆಂತು? ನಾವು ಹಿಂದೆ ಸರಿದೆವು. ಮುಂಗಡದ ಐವತ್ತು ಸಾವಿರದಲ್ಲಿ ಇಪ್ಪತ್ತೈದು ಸಾವಿರ ಮೂರು ತಿಂಗಳು ಅಲೆದಾಡಿದ ಮೇಲೆ ಹಿಂದಕ್ಕೆ ಬಂತು. ಉಳಿದುದು ನಮ್ಮ ಅವಸರಕ್ಕೆ ತೆತ್ತ ದಂಡ.

ಇದಾದ ಮೇಲೆ ಎರಡು ತಿಂಗಳು ನಾವು ಯಾವ ಮನೆಯನ್ನೂ ನೋಡಲಿಲ್ಲ. ವಠಾರ ಬಿಡುವ ದಿನ ಮಾತ್ರ ಹತ್ತಿರವಾಗುತ್ತಿದ್ದಿತು. ಆಗ ತಾಯಿಯವರ ದೇವಸ್ಥಾನದ ಗೆಳತಿಯೊಬ್ಬರು, ತಮ್ಮ ಕಟ್ಟಡದಲ್ಲಿ ಒಂದು ಮನೆ ಮಾರಾಟಕ್ಕಿದೆಯೆಂದು ಹೇಳಿಕಳುಹಿಸಿದರು. ಅದೂ ನಲವತ್ತು ಅರವತ್ತರ ನಿವೇಶನವೇ. 1996ರಲ್ಲಿ ಕಟ್ಟಿದುದು, ನೆಲದಂತಸ್ತು ಮತ್ತು ಮೇಲೆರಡು, ಒಟ್ಟು ಆರೇ ಮನೆ. ಸಾಧಾರಣ ಮೊಸಾಯಿಕ್ ನೆಲ. ಲಿಫ್ಟಿಲ್ಲ. ಮನೆ ಇರುವುದು ಮೊದಲಂತಸ್ತಿನಲ್ಲಿ, ಮೆಟ್ಟಿಲು ಹತ್ತೊಂಬತ್ತು. ಟೇಪು ಮತ್ತೆ ಹೊರಬಂತು: ಹೇಳಿದ ಅಳತೆ 820, ಒಳಗಿನದು 600 ಚದರಡಿ. ಬೆಲೆ 60 ಲಕ್ಷ. ನಕ್ಷೆಯೂ ಕಟ್ಟಡವೂ ತಾಳೆಯಾದುವು; ಸ್ವಾಧೀನಾನುಭವ ಪತ್ರ ಹಳದಿಗಟ್ಟಿದ್ದರೂ ಇತ್ತು; ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಕಡ್ಡಾಯವಾದ ಇ-ಖಾತೆಯನ್ನೂ ಮಾರುವವರು ಪಡೆದಿದ್ದರು.

ವಕೀಲರು ಕ್ರಯಪತ್ರದ ಕರಡಿನಲ್ಲಿ ಒಂದು ಸಾಲಿನ ಕೆಳಗೆ ಗೆರೆಯೆಳೆದು, “ಇದನ್ನು ಓದಿ; ನೀವು ಕೊಳ್ಳುತ್ತಿರುವುದರಲ್ಲಿ ಶಾಶ್ವತವಾದುದು ಇದೊಂದೇ” ಎಂದರು. ಅದು ನೆಲದಲ್ಲಿ ನಮಗೆ ಬರುವ ಅವಿಭಾಜ್ಯ ಪಾಲು. ಗೋಡೆ ಐವತ್ತು ಅರವತ್ತು ವರ್ಷಕ್ಕೆ ಹಳತಾಗುತ್ತದೆ. ಕಟ್ಟಡವನ್ನು ಕೆಡವಿ ಮತ್ತೆ ಕಟ್ಟುವ ದಿನ ಬಂದಾಗ ಮನೆಯೊಡೆಯನಿಗೆ ಉಳಿಯುವುದು ಆ ನೆಲದ ಭಾಗ. ಮೊದಲ ಕಟ್ಟಡದಲ್ಲಿ 2,400 ಚದರಡಿಯನ್ನು ಹದಿನೈದು ಮನೆ ಹಂಚಿಕೊಂಡರೆ ತಲಾ 160 ಅಡಿ. ಇಲ್ಲಿ ಆರು ಮನೆ ಹಂಚಿಕೊಂಡರೆ ತಲಾ 400. ಹೊಳೆಯುವ ನೆಲಹಾಸಿಗೆ ಮರುಳಾಗಿ ನಾವು ಎಂಟು ಲಕ್ಷ ಹೆಚ್ಚು ಕೊಟ್ಟು ಅರ್ಧಕ್ಕಿಂತ ಕಡಮೆ ಭೂಮಿಯನ್ನು ಕೊಳ್ಳುವುದರಲ್ಲಿದ್ದೆವು!

ಆದರೂ ಆ ಹತ್ತೊಂಬತ್ತು ಮೆಟ್ಟಿಲು ನಮ್ಮನ್ನು ಬಾಧಿಸುತ್ತಿದ್ದುವು. ಮೊಣಕಾಲು ನೋವಿನ ತಾಯಿಯವರನ್ನು ಕೇಳದೆ ಮುಂದುವರಿಯುವುದು ಧರ್ಮವಲ್ಲವೆಂದು ಅವರನ್ನು ಕರೆತಂದೆವು. ಅವರು ಕಂಬಿ ಹಿಡಿದು, ನಡುವೆ ಎರಡು ಸಲ ನಿಂತು, ಮೇಲೆ ಬಂದರು. ಬಾಲ್ಕನಿಯಲ್ಲಿ ನಿಂತು ಬೀದಿಯ ಹೂವಿನವಳನ್ನು ಗುರುತಿಸಿ ಮಾತನಾಡಿಸಿದರು. ಆಮೇಲೆ, “ಮೆಟ್ಟಿಲು ನಿಧಾನವಾಗಿ ಹತ್ತಬಹುದು ಮಗು. ಕಾಗದ ಸರಿಯಿಲ್ಲದ ಮನೆಯಿಂದ ಇಳಿಯುವುದು ಕಷ್ಟ” ಎಂದರು. ಅವರ ಪಾಲಿನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲವೆಂಬುದು ಹಣದ ಲೆಕ್ಕಕ್ಕೆ ಕುಳಿತಾಗ ತಿಳಿಯಿತು.

ಆ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವನ್ನು ಮನೆಯ ಬೆಲೆಯ ನೂರಕ್ಕೆ 80ರವರೆಗೆ ಮಾತ್ರ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮ; ಮುದ್ರಾಂಕ, ನೋಂದಣಿಗಳ ವೆಚ್ಚ ಆ ಬೆಲೆಯಲ್ಲಿ ಸೇರುವುದಿಲ್ಲ. ಎಂದರೆ ಕೈಯಲ್ಲಿ ಹಣವಿಲ್ಲದೆ ಮನೆಯಿಲ್ಲ. ನಮಗೆ 48 ಲಕ್ಷದವರೆಗೆ ಸಾಲ ದೊರೆಯುತ್ತಿತ್ತಾದರೂ ಮನೆಯಾಕೆ 35ರಲ್ಲೇ ನಿಲ್ಲಿಸಿದಳು. ನೂರಕ್ಕೆ 8ರ ಬಡ್ಡಿಯಂತೆ ಇಪ್ಪತ್ತು ವರ್ಷಕ್ಕೆ 35 ಲಕ್ಷ ಸಾಲ ತಂದರೆ ತಿಂಗಳ ಕಂತು ಸುಮಾರು 29,300 ರೂಪಾಯಿ. ಕೊನೆಗೆ ತೀರಿಸಿದ ಮೊತ್ತ 70 ಲಕ್ಷ ದಾಟುತ್ತದೆ. ಸಾಲವು ಒಂದಕ್ಕೆರಡಾಗಿ ಹೋಗುವ ಈ ಲೆಕ್ಕವನ್ನು ಪ್ರತಿಯೊಂದು ಸಂಸಾರವೂ ಮೊದಲೇ ಬರೆದು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಉಪಕರ ಮತ್ತು ಮೇಲ್ತೆರಿಗೆ. ನೋಂದಣಿ ಶುಲ್ಕವೋ 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದ್ದಿತು. ಎಲ್ಲ ಸೇರಿ ನಾಲ್ಕೂವರೆ ಲಕ್ಷಕ್ಕೆ ಮೀರಿ ಖರ್ಚಾಯಿತು.

ಹೀಗೆ ಕೈಯಿಂದ ಹಾಕಬೇಕಾದುದು ಸುಮಾರು ಮೂವತ್ತು ಲಕ್ಷ. ನಮ್ಮ ಇಪ್ಪತ್ತು ವರ್ಷದ ಉಳಿತಾಯ ಹದಿನೆಂಟು. ಮನೆಯಾಕೆಯ ಬಳೆಗಳನ್ನು ಮುಟ್ಟಬಾರದೆಂದು ತಾಯಿಯವರು ಹಟ ಹಿಡಿದು, ತುಮಕೂರು ಜಿಲ್ಲೆಯ ಊರಿನಲ್ಲಿ ತಮ್ಮ ಹೆಸರಿಗಿದ್ದ ಒಂದೆಕರೆ ಖುಷ್ಕಿ ಜಮೀನನ್ನು ದಾಯಾದಿಗಳಿಗೆ ಮಾರಿಸಿದರು. ನಮ್ಮ ತಂದೆಯವರು ರಾಗಿ ಬಿತ್ತಿದ ಹೊಲ ಅದು. ನಲವತ್ತು ಗುಂಟೆಯ ಆ ಭೂಮಿ ಹೋಗಿ, ಪೇಟೆಯಲ್ಲಿ ಅರ್ಧ ಗುಂಟೆಗೂ ಕಡಮೆಯಾದ ನಾನ್ನೂರಡಿಯ ಪಾಲು ಬಂತು. ಅದೂ ಇಂಥಲ್ಲಿ ಎಂದು ಗೆರೆಯೆಳೆದು ತೋರಿಸಲಾಗದ ಪಾಲು. ಪತ್ರಕ್ಕೆ ಹೆಬ್ಬೆರಳೊತ್ತಿ ಬಂದ ದಿನ ತಾಯಿಯವರು ಊಟ ಮಾಡಲಿಲ್ಲ. ನಾವು ಕ್ಷಮೆ ಕೇಳುವಂತೆ ಬಳಿ ಕುಳಿತಾಗ, “ಬೀಳಾಗಿದ್ದ ಹೊಲ, ಇಲ್ಲಿ ಮೊಮ್ಮಗಳ ತಲೆಯ ಮೇಲೆ ಸೂರಾಯಿತಲ್ಲ” ಎಂದಷ್ಟೇ ನುಡಿದರು. ಕ್ರಯಪತ್ರದಲ್ಲಿ ಮೊದಲು ಅವರ ಹೆಸರನ್ನೂ ಆ ಬಳಿಕ ನಮ್ಮಿಬ್ಬರ ಹೆಸರನ್ನೂ ಬರೆಸಿದೆವು. 2025ರ ವಿಜಯದಶಮಿ ಕಳೆದ ಮೇಲೆ ನೋಂದಣಿಯಾಗಿ, ಕಾರ್ತಿಕ ಮಾಸದಲ್ಲಿ ಹಾಲುಕ್ಕಿಸಿ ಒಳಗೆ ಬಂದೆವು.

ಕೊಂಡುದಾಯಿತು, ಇನ್ನು ಚಿಂತೆಯಿಲ್ಲವೆಂದುಕೊಂಡಿದ್ದವರಿಗೆ ಇನ್ನೊಂದು ಪಾಠ ಕಾದಿದ್ದಿತು. ಬಂದ ಹದಿನೈದು ದಿನದೊಳಗೆ ಮಳೆ ಹಿಡಿದು, ಮೇಲಂತಸ್ತಿನ ಮನೆಯೊಂದರಲ್ಲಿ ಸೂರು ಸೋರತೊಡಗಿತು. ತಾರಸಿಯನ್ನು ಸರಿಪಡಿಸಲು ಒಂದೂವರೆ ಲಕ್ಷ ಬೇಕಾಯಿತು. ನೆಲದಂತಸ್ತಿನವರು, “ಸೋರುವುದು ನಮ್ಮ ಮನೆಯಲ್ಲ, ನಾವೇಕೆ ಕೊಡಬೇಕು?” ಎಂದರು. ನಮಗೂ ಹೊಸ ಸಾಲದ ಭಾರದಲ್ಲಿ ಆ ಮಾತು ಹಿತವಾಗಿಯೇ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇವೆ. ಆರು ಮನೆಯವರೂ ಒಂದು ಸಂಜೆ ತಾರಸಿಯ ಮೇಲೆ ಸೇರಿದೆವು. ಎರಡನೆಯ ಅಂತಸ್ತಿನಲ್ಲಿರುವ ನಿವೃತ್ತ ಉಪಾಧ್ಯಾಯರು, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಂತೆ ಕಟ್ಟಡ ಕಟ್ಟಿದಾಗಲೇ ಮಾಡಿಟ್ಟಿದ್ದ ಘೋಷಣಾಪತ್ರವನ್ನು ತಂದು ಓದಿದರು. ನೆಲ, ತಳಪಾಯ, ಮೆಟ್ಟಿಲು, ತಾರಸಿ, ನೀರಿನ ತೊಟ್ಟಿ ಇವು ಯಾರೊಬ್ಬರವೂ ಅಲ್ಲ, ಆರು ಮನೆಯವರದೂ ಹೌದು, ಇವುಗಳಲ್ಲಿನ ಪಾಲನ್ನು ಮನೆಯಿಂದ ಬೇರ್ಪಡಿಸುವಂತಿಲ್ಲ, ವೆಚ್ಚವೂ ಪಾಲಿನಂತೆಯೇ.

ಕೆಳಗಿನವರು ಕೊಂಚ ಹೊತ್ತು ಸುಮ್ಮನಿದ್ದರು. ಆಗ ಉಪಾಧ್ಯಾಯರು, “2024ರ ಬೇಸಗೆಯಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ಕೆಳಗಿನ ತೊಟ್ಟಿಯಿಂದ ಮೊದಲು ಕೊಡ ತುಂಬಿಸಿ ನಮಗೆ ಮೇಲಕ್ಕೆ ಹೊತ್ತು ಕೊಟ್ಟವರು ನೀವೇ ಅಲ್ಲವೆ? ಅಂದು ತೊಟ್ಟಿ ನಿಮ್ಮದು ಮಾತ್ರವೆಂದು ನೀವು ಹೇಳಲಿಲ್ಲವಲ್ಲ” ಎಂದರು. ಮಾತು ಅಲ್ಲಿಗೆ ನಿಂತಿತು. ಮನೆಗೆ 25,000ದಂತೆ, ನಾಲ್ಕು ಕಂತುಗಳಲ್ಲಿ ಕೊಡುವುದೆಂದು ತೀರ್ಮಾನವಾಯಿತು. ನಮ್ಮ ಅವಸರಕ್ಕೆ ದಂಡವಾಗಿ ಹೋದ ಮೊತ್ತವೂ ಇಷ್ಟೇ ಎಂಬುದು ಆಗ ನೆನಪಾಯಿತು. ಆ ಹಣ ಹೋದಾಗ ಆದ ಉರಿ ಈ ಹಣ ಕೊಡುವಾಗ ಆಗಲಿಲ್ಲ.

ಆರುನೂರಡಿಯಲ್ಲಿ ನಾಲ್ವರು ಹೇಗೆ ಬಾಳುತ್ತೀರೆಂದು ನೆಂಟರು ಕೇಳುತ್ತಾರೆ. ವಠಾರದ ಎರಡು ಕೋಣೆಗಳಲ್ಲಿ ಬಾಳಿದವರಿಗೆ ಇದು ಅರಮನೆಯಲ್ಲವಾದರೂ ಸಾಕಾದ ಮನೆ. ಹಿತ್ತಾಳೆಯ ಹಂಡೆಯನ್ನೂ ಹಳೆಯ ಮರದ ಬೀರುವನ್ನೂ ಕೊಟ್ಟುಬಿಟ್ಟೆವು. ಮಂಚದ ಕೆಳಗೆ ಪೆಟ್ಟಿಗೆ, ಬಾಗಿಲ ಮೇಲೆ ಅಟ್ಟ. ಮಗಳು ಓದುವ ಮೇಜೇ ರಾತ್ರಿ ಊಟದ ಮೇಜು. ಒಂದು ಹೊಸ ವಸ್ತು ಒಳಗೆ ಬರಬೇಕಾದರೆ ಒಂದು ಹಳೆಯದು ಹೊರಗೆ ಹೋಗತಕ್ಕದ್ದೆಂಬುದು ಮನೆಯಾಕೆಯ ಕಟ್ಟಳೆ. ಪಕ್ಕದ ಮನೆಯ ಒಗ್ಗರಣೆಯ ಘಾಟು, ಮೇಲಿನವರ ಮಿಕ್ಸಿಯ ಶಬ್ದ, ಬೀದಿಯ ವಾಹನಗಳ ಆರ್ಭಟ, ಇವು ಇಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ಸಹಿಸಲಾರದವರು ಪೇಟೆಯ ನಡುವೆ ಮನೆ ಕೊಳ್ಳದಿರುವುದೇ ಲೇಸು.

ಹೀಗಿರುವಲ್ಲಿ ಇಂಥ ಮನೆಯನ್ನು ಕೊಳ್ಳಲೆಣಿಸುವ ಸೋದರ ಸೋದರಿಯರಿಗೆ ನಮ್ಮ ವಿನಂತಿ ಇಷ್ಟೆ. ಟೇಪನ್ನು ಮರೆಯದಿರಿ. ಪತ್ರಗಳನ್ನು ವಕೀಲರು ಓದುವವರೆಗೆ ಒಂದು ಕಾಸನ್ನೂ ಕೊಡದಿರಿ. ನೆಲದ ಪಾಲೆಷ್ಟೆಂದು ಕೇಳಿರಿ. ಕೊನೆಯದಾಗಿ, ಕ್ರಯಕ್ಕೆ ಮುಂಚೆ ಒಂದು ಸಂಜೆ ಆ ಕಟ್ಟಡದ ನೆರೆಯವರ ಮನೆಗೆ ಹೋಗಿ, ತಿಂಗಳ ನಿರ್ವಹಣೆಯ ಹಣವನ್ನು ಎಲ್ಲರೂ ಕೊಡುತ್ತಾರೆಯೆ, ತಾರಸಿಯ ಮೇಲೆ ಕಡೆಯ ಸಲ ಸಭೆ ಸೇರಿದುದು ಯಾವಾಗ ಎಂದು ವಿಚಾರಿಸಿರಿ. ನೆಲದಷ್ಟೇ ಪಾಲು ನೆರೆಯಲ್ಲಿಯೂ ನಿಮಗೆ ಬರುವುದರಿಂದ ಈ ವಿಚಾರಣೆ ಋಣಭಾರ ಪತ್ರದಷ್ಟೇ ಅಗತ್ಯವಾದುದು.

ತಾಯಿಯವರು ಈಗ ದಿನಕ್ಕೊಂದು ಸಲ ಮಾತ್ರ ಇಳಿದು ಹತ್ತುತ್ತಾರೆ. ಹತ್ತನೆಯ ಮೆಟ್ಟಿಲ ತಿರುವಿನಲ್ಲಿ ಕೆಳಗಿನ ಮನೆಯವರು ಅವರಿಗಾಗಿ ಒಂದು ಸ್ಟೂಲನ್ನು ಇಟ್ಟಿದ್ದಾರೆ. ಇಡಲು ನಾವು ಹೇಳಿರಲಿಲ್ಲ.